ಹೈರೈಡರ್ ಹೈಬ್ರಿಡ್‌ಗೆ ತಂದ ಏರ್ ಫಿಲ್ಟರ್ ಕೂರುತ್ತಿಲ್ಲ, ಸರಿಯಾದದ್ದು ಯಾವುದು?

ಬಾಗಲಕೋಟೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಟೊಯೋಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬರೀ ಕರೆಂಟ್ ಮೋಟಾರಿನ ಮೇಲೂ ಸ್ವಲ್ಪ ದೂರ ಓಡುವ ಕಾರು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ದಿನಾ ನವನಗರದಿಂದ ಲೋಕಾಪುರದ ಕಡೆ ಓಡಾಟ. ಆ ದಾರಿಯ ಧೂಳು ಗೊತ್ತಲ್ವಾ? ಸಿಮೆಂಟ್ ಲಾರಿ, ಕಲ್ಲಿನ ಲಾರಿ, ಸೀಸನ್ ಬಂದರೆ ಕಬ್ಬಿನ ಟ್ರ್ಯಾಕ್ಟರ್. ಅಂಗಡಿಯಲ್ಲಿ ಗಾಡಿ ಹೆಸರು ಹೇಳಿ ಏರ್ ಫಿಲ್ಟರ್ ತಂದೆ. ಡಬ್ಬದ ಮೇಲೆ ಹೈರೈಡರ್ ಅಂತಲೇ ಬರೆದಿದೆ, ಆದರೆ ಬಾಕ್ಸಿನಲ್ಲಿ ಕೂರುತ್ತಿಲ್ಲ. ಒಂದು ಕಡೆ ಸಂದು ಉಳಿಯುತ್ತದೆ. ಒತ್ತಿ ಕ್ಲಿಪ್ ಹಾಕಿದರೆ ನಡೆಯುತ್ತಾ? ಬಿಸಿಲಲ್ಲಿ ಹಿಂದಿನ ಸೀಟಿನ ಕಡೆಯಿಂದ ಫ್ಯಾನ್ ಸದ್ದೂ ಈಗೀಗ ಜಾಸ್ತಿಯಾಗಿದೆ.

ಬೆಳಗಾವಿಯಿಂದ ಉತ್ತರ

ಒತ್ತಿ ಹಾಕಲೇಬೇಡಿ ಸರ್. ಸಂದು ಇದ್ದರೆ ಗಾಳಿ ಫಿಲ್ಟರ್ ಬಿಟ್ಟು ಅದೇ ದಾರಿ ಹಿಡಿಯುತ್ತದೆ, ಧೂಳು ನೇರ ಎಂಜಿನ್ ಒಳಗೆ. ಅದಕ್ಕಿಂತ ಹಳೇ ಫಿಲ್ಟರ್ ವಾಪಸ್ ಹಾಕಿ ನಾಲ್ಕು ದಿನ ಓಡಿಸುವುದು ಮೇಲು.

ಹೈರೈಡರ್ ಹೆಸರಿನಲ್ಲಿ ಎರಡು ಬೇರೆ ಬೇರೆ ಎಂಜಿನ್ ಇವೆ. ಮೈಲ್ಡ್ ಹೈಬ್ರಿಡ್‌ನಲ್ಲಿ (ಮೋಟಾರ್ ಎಂಜಿನ್‌ಗೆ ಬರೀ ನೆರವಾಗುವ ಬಗೆ) 1462 ಸಿಸಿ, ನಾಲ್ಕು ಸಿಲಿಂಡರ್. ನಿಮ್ಮ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 1490 ಸಿಸಿ, ಮೂರು ಸಿಲಿಂಡರ್. ನಿಮಗೆ ಮೈಲ್ಡ್‌ನದ್ದು ಕೊಟ್ಟಿರುವಂತಿದೆ. ಎರಡಕ್ಕೂ ಹೈಬ್ರಿಡ್ ಅಂತಲೇ ಅನ್ನುವುದರಿಂದ ಬರೀ ಹೈಬ್ರಿಡ್ ಎಂದರೆ ಅಂಗಡಿಯವರಿಗೂ ತಿಳಿಯುವುದಿಲ್ಲ. ಮಾರುತಿ ಗ್ರ್ಯಾಂಡ್ ವಿಟಾರಾದಲ್ಲೂ ಇದೇ ಎರಡು ಬಗೆ.

ಗಾಡಿ ಹೆಸರು ಬಿಡಿ, ಆರ್‌ಸಿಯಲ್ಲಿರುವ ಚಾಸಿ ನಂಬರ್ ಹಿಡಿದು ಕೇಳಿ. ಒಟ್ಟು 17 ಅಕ್ಷರ-ಅಂಕಿ ಇರುತ್ತವೆ. ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಅದನ್ನು ಹಾಕಿದರೆ ಸರಿಯಾದ ಪಾರ್ಟ್ ನಂಬರ್ ಬರುತ್ತದೆ. ಅದನ್ನು ಬರೆದುಕೊಂಡು ಹೊರಗೆ ಬೇರೆ ಕಂಪನಿಯದ್ದು ಹುಡುಕಿದರೂ ತೊಂದರೆಯಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ, ಹಾಗಾಗಿ ಒಳಗಿರುವ ಹಳೇ ಫಿಲ್ಟರಿನ ನಂಬರ್ ಒಂದನ್ನೇ ನಂಬಬೇಡಿ. ಕೊಳ್ಳುವ ಮುಂಚೆ ಉದ್ದ, ಅಗಲ, ದಪ್ಪ ಅಳೆಯಿರಿ. ಸುತ್ತಲಿನ ರಬ್ಬರ್ ಅಂಚನ್ನೂ ನೋಡಿ.

ಬಾಕ್ಸ್ ತೆರೆದಾಗ ಫಿಲ್ಟರಿನ ಆಚೆ ಬದಿ, ಅಂದರೆ ಎಂಜಿನ್ ಕಡೆ, ಬೆರಳಿನಿಂದ ಒರೆಸಿ ನೋಡಿ. ಧೂಳು ಹತ್ತಿದರೆ ಮೊದಲೂ ಸೋರುತ್ತಿತ್ತು ಎಂದರ್ಥ. ಇನ್ನೊಂದು ಮುಖ್ಯ ಮಾತು: ಗಾಡಿ ರೆಡಿ ಮೋಡ್‌ನಲ್ಲಿದ್ದರೆ, ಅಂದರೆ ಸದ್ದಿಲ್ಲದಿದ್ದರೂ ಆನ್ ಆಗಿ ಓಡಲು ಸಿದ್ಧವಾಗಿದ್ದರೆ, ಎಂಜಿನ್ ತಾನಾಗೇ ಚಾಲೂ ಆಗಬಹುದು. ಪೂರ್ತಿ ಆಫ್ ಮಾಡಿ, ಕೀ ದೂರ ಇಟ್ಟು ಬಾನೆಟ್ ತೆರೆಯಿರಿ. ಕಿತ್ತಳೆ ಬಣ್ಣದ ವೈರ್ ಮುಟ್ಟಬೇಡಿ, ಅದು ಹೈ ವೋಲ್ಟೇಜ್ ಲೈನ್.

ವಿಜಯಪುರದಿಂದ

ಫ್ಯಾನ್ ಸದ್ದಿನ ಬಗ್ಗೆ ಹೇಳುತ್ತೇನೆ ಅಣ್ಣಾ. ಈ ಗಾಡಿಯ ದೊಡ್ಡ ಬ್ಯಾಟರಿ ಡಿಕ್ಕಿಯ ಕಡೆ ಇದೆ. ಅದನ್ನು ತಂಪಾಗಿಡಲು ಒಂದು ಫ್ಯಾನ್ ಗಾಡಿಯ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಗಾಳಿ ಹೋಗುವ ಜಾಲರಿ ಹಿಂದಿನ ಸೀಟಿನ ಹತ್ತಿರ ಇರುತ್ತದೆ. ಅಲ್ಲಿ ಧೂಳು ತುಂಬಿದರೆ, ಸೀಟ್ ಕವರ್ ಮುಚ್ಚಿದರೆ, ಬ್ಯಾಗ್ ಅಡ್ಡ ಇಟ್ಟರೆ ಗಾಳಿ ಸಾಲದೆ ಫ್ಯಾನ್ ಜೋರಾಗಿ ತಿರುಗುತ್ತದೆ. ಬ್ಯಾಟರಿಗೆ ಬಿಸಿ ಒಳ್ಳೆಯದಲ್ಲ. ನಮ್ಮ ಕಡೆ ಎರೆ ಮಣ್ಣಿನ ಧೂಳು ನಯವಾದ ಹಿಟ್ಟಿನಂತೆ ಎಲ್ಲಾ ಕಡೆ ಕೂರುತ್ತದೆ, ಹಾಗಾಗಿ ಆ ಜಾಲರಿಯನ್ನು ನಾನು ಆಗಾಗ ವ್ಯಾಕ್ಯೂಮ್ ಹಿಡಿದು ಸ್ವಚ್ಛ ಮಾಡುತ್ತೇನೆ. ಧೂಳಿನ ದಾರಿಯಲ್ಲಿ ಗ್ಲಾಸ್ ಏರಿಸಿ ಎಸಿಯಲ್ಲೇ ಹೋಗಿ. ಎಸಿ ಫಿಲ್ಟರ್ ಕೂಡ ಬದಲಿಸಿ, ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಹಾಕುವಾಗ ಬಾಣದ ಗುರುತು ನೋಡಿ.

ಬಾಗಲಕೋಟೆಯಿಂದ

ಚಾಸಿ ನಂಬರ್ ಕೊಟ್ಟು ಫಿಲ್ಟರ್ ತರಿಸಿದೆ ಸರ್, ಒತ್ತದೆಯೇ ಕೂತಿತು. ಜಾಲರಿಯ ಮೇಲೆ ಸೀಟ್ ಕವರ್ ಅರ್ಧ ಮುಚ್ಚಿತ್ತು. ಸರಿಸಿ, ಧೂಳು ತೆಗೆದ ಮೇಲೆ ಸದ್ದು ಇಳಿದಿದೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಫಿಲ್ಟರಿಗೆ ಗಾಳಿ ಹೊಡೆಸಿ ಇಟ್ಟುಕೊಳ್ಳಲಾ?

ಬೆಳಗಾವಿಯಿಂದ

ಬೇಡ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ತೊಳೆಯಲೂಬೇಡಿ. ಎಣ್ಣೆ ಹಚ್ಚುವ ಫಿಲ್ಟರ್ ಯಾರಾದರೂ ಹೇಳಿದರೆ ಅದೂ ಬೇಡ, ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರ್ ಕೆಡಬಹುದು. ಆ ಪಾರ್ಟ್ ನಂಬರ್ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಿಮ್ಮ ದಾರಿಗೆ ಪುಸ್ತಕದಲ್ಲಿರುವ ಕಿಲೋಮೀಟರ್ ಆಗುವವರೆಗೆ ಕಾಯದೆ, ಪ್ರತಿ ಸರ್ವಿಸ್‌ನಲ್ಲಿ ತೆರೆಸಿ ನೋಡಿ.