ಇನ್‌ಚಾರ್ಜ್ ಶುಂಠಿ

"ನನಗೆ ಚಹಾ ಬೇಡ" ಅಂದ ವೀರೇಶ.

ಖಾಜಾ ಭಾಯ್ ಸೋಸುತ್ತಿದ್ದ ಕೈ ಅಲ್ಲೇ ನಿಂತಿತು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಆ ಬೆಂಚಿನ ಮೇಲೆ ಕೂತು ಇಂಥ ಮಾತು ಯಾರೂ ಆಡಿರಲಿಲ್ಲ. ವೀರೇಶ ಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದ. ಮುಚ್ಚಳ ತಿರುವಿದ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಇಳಿಸಿದ. ಮುಖ ಹಿಂಡಿಕೊಂಡು, ಮೂಗು ಒರೆಸಿಕೊಂಡು, ಮಿರ್ಚಿ ತಿನ್ನುತ್ತಿದ್ದ ನಮ್ಮನ್ನೆಲ್ಲ ಕನಿಕರದಿಂದ ನೋಡಿದ.

"ಜಿಂಜರ್ ಶಾಟ್."

"ಯಾರು ಹೊಡೆದರು?" ಅಂದರು ಪಂಪಣ್ಣ.

"ಹಸಿಶುಂಠಿ ರಸ ರೀ. ದಿನಾ ಎರಡು ಸಲ. ಹೃದಯ, ಕಿಡ್ನಿ, ಲಿವರ್, ಮೊಣಕಾಲು, ಶುಗರ್, ಬಿಪಿ, ನೆನಪಿನ ಶಕ್ತಿ, ಕೂದಲು. ಎಲ್ಲದಕ್ಕೂ ಇದೊಂದೇ ಸಾಕು."

ಕೂದಲು ಅಂದ ಕೂಡಲೇ ಎಲ್ಲರೂ ವೀರೇಶನ ತಲೆ ನೋಡಿದೆವು. ಅಲ್ಲಿ ಫಲಿತಾಂಶ ಇನ್ನೂ ಪ್ರಕಟವಾಗಿರಲಿಲ್ಲ.

"ಸಂಜೆ ಆರಾದರೂ ಕೂತ ಬೆಂಚು ಸುಡ್ತಾ ಇದೆ, ಇವನಿಗೆ ಒಳಗೂ ಉರಿ ಬೇಕಂತೆ" ಅಂದ ಅಮರೇಶ.

ಪಂಪಣ್ಣ ಮಿರ್ಚಿಯ ತೊಟ್ಟು ಪಕ್ಕಕ್ಕಿಟ್ಟರು. "ಅದರ ಮೂಲ ಹುದ್ದೆ ಯಾವುದು?"

"ಯಾರದ್ದು?"

"ಶುಂಠಿದು. ನನಗೆ ತಿಳಿದ ಮಟ್ಟಿಗೆ ಅದರ ಪೋಸ್ಟಿಂಗ್ ಇದ್ದದ್ದು ಅಡಿಗೆಮನೆಯಲ್ಲಿ. ಹೊಟ್ಟೆ ಇಲಾಖೆಗೆ ಅಷ್ಟಿಷ್ಟು ಓಡಾಟ. ಈಗ ನೋಡಿದರೆ ಹೃದಯಕ್ಕೂ ಅದೇ ಇನ್‌ಚಾರ್ಜ್, ಕಿಡ್ನಿಗೂ ಅದೇ, ಮಂಡಿಗೂ ಅದೇ. ತಮ್ಮಾ, ನಾನು ತಹಶೀಲ್ ಕಚೇರಿಯಲ್ಲಿ ತಲೆ ನರೆಸಿಕೊಂಡವನು. ಒಬ್ಬನೇ ನೌಕರನಿಗೆ ಎಂಟು ಸೆಕ್ಷನ್ ಚಾರ್ಜ್ ಕೊಟ್ಟರೆ ಏನಾಗುತ್ತೆ ಗೊತ್ತಾ? ಎಂಟೂ ಕಡೆ ಸಹಿ ಬೀಳುತ್ತೆ. ಒಂದು ಕಡೆಯೂ ಕೆಲಸ ಆಗಲ್ಲ. ಕೇಳಿದರೆ ಸಾಹೇಬರು ಆ ಸೆಕ್ಷನ್ನಿಗೆ ಹೋಗಿದ್ದಾರೆ ಅಂತಾರೆ."

"ನೀವು ಎಲ್ಲದರಲ್ಲೂ ಆಫೀಸು ತರ್ತೀರಿ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಜನ ನೀವು."

"ನಮ್ಮ ಹಿತ್ತಲಲ್ಲಿ ಎಲ್ಲಿ ಬೆಳೆಯುತ್ತಪ್ಪ ಅದು?" ಅಂದ ಅಮರೇಶ. "ನಮ್ಮ ಗಂಜ್ ಮಾರುಕಟ್ಟೆಗೆ ಬರೋದು ಹತ್ತಿ, ಭತ್ತ. ಶುಂಠಿ ಲಾರಿ ಹತ್ತಿ ಬರುತ್ತೆ. ಹಾಸನ, ಶಿವಮೊಗ್ಗದ ಕಡೆಯದು, ಇಲ್ಲಾ ಬೀದರ್‌ದು. ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ಹಂಚಿದಾಗ ಬೀದರ್‌ಗೆ ಶುಂಠಿ ಕೊಟ್ಟರು, ರಾಯಚೂರಿಗೆ ಮೆಣಸಿನಕಾಯಿ. ನಮಗೆ ಕೊಟ್ಟ ಖಾರ ನಮಗೆ ಸಾಲದಾ?"

ಪಂಪಣ್ಣ ಹುಬ್ಬೇರಿಸಿದರು. "ಹಾಗಾದರೆ ಇನ್ನೊಂದು ತೊಡಕಿದೆ. ಬೀದರ್ ಶುಂಠಿ ಆದರೆ ಕಲ್ಯಾಣ ಕರ್ನಾಟಕದವರ 371(ಜೆ) ಮೀಸಲಾತಿ ಅಡಿ ನಮ್ಮಲ್ಲಿ ಹುದ್ದೆ ಕೊಡಬಹುದು. ಹಾಸನದ್ದಾದರೆ ಮೀಸಲಾತಿ ಇಲ್ಲ. ವೀರೇಶ, ನಿನ್ನ ಬಾಟಲಿಯ ಸರ್ಟಿಫಿಕೇಟ್ ತೋರಿಸು."

ವೀರೇಶ ತೋರಿಸಿದ್ದು ಮೊಬೈಲು. ಅದರಲ್ಲೊಂದು ಸಂದೇಶ. ಮೇಲೊಂದು ಉದಯಿಸುವ ಸೂರ್ಯ, ಕೆಳಗೊಂದು ಕೆಂಪು ಗುಲಾಬಿ, ನಡುವೆ ಶುಂಠಿಯ ಫೋಟೋ. "ಈ ಬೇರು ನಿಮ್ಮ ಮನೆಯಲ್ಲಿದ್ದರೆ ಆಸ್ಪತ್ರೆಯ ದಾರಿಯನ್ನೇ ಮರೆಯುತ್ತೀರಿ. ಹತ್ತು ಜನಕ್ಕೆ ಕಳಿಸಿ." ಯಾಕೋ ಇಂಥ ಸಂದೇಶಗಳಿಗೆಲ್ಲ ಆಸ್ಪತ್ರೆಯ ಮೇಲೇ ಸಿಟ್ಟು. ಬಡ್ಡಿ ವ್ಯಾಪಾರಿಯ ದಾರಿ ಮರೆಸುವ ಬೇರೊಂದನ್ನು ಯಾರೂ ಕಳಿಸುವುದಿಲ್ಲ.

"ಮೊದಲು ಒಂದು ತಿದ್ದುಪಡಿ" ಅಂದರು ಮಾಸ್ತರ್. ಅವರಿಗೆ ಗುಲಾಬಿ ಕಾಣಲಿಲ್ಲ, ತಪ್ಪು ಮಾತ್ರ ಕಂಡಿತು. "ಅದು ಬೇರಲ್ಲ. ನೆಲದೊಳಗೆ ಅಡ್ಡ ಬೆಳೆಯುವ ಕಾಂಡ. ಗೆಣ್ಣು ಇರುತ್ತೆ, ಮೊಳಕೆ ಒಡೆಯುತ್ತೆ, ನೋಡಿಲ್ವಾ? ಅರಿಶಿನದ್ದೂ ಅದೇ ಕುಟುಂಬ."

"ನೋಡಿ ಮತ್ತೆ! ಸರ್ವಿಸ್ ಬುಕ್ಕಿನ ಮೊದಲ ಪುಟದಲ್ಲೇ ತಪ್ಪು ನಮೂದು" ಅಂದರು ಪಂಪಣ್ಣ.

ಮಾಸ್ತರ್‌ಗೆ ಒಮ್ಮೆ ಪೀರಿಯಡ್ ಸಿಕ್ಕರೆ ಬೆಲ್ ಹೊಡೆಯುವವರೆಗೂ ಬಿಡುವವರಲ್ಲ. ಹಸಿಶುಂಠಿಯ ಖಾರಕ್ಕೆ ಜಿಂಜರಾಲ್ ಅನ್ನೋ ವಸ್ತು ಕಾರಣ, ಒಣಗಿಸಿದರೆ ಅದರಲ್ಲಿ ಒಂದಿಷ್ಟು ಶೋಗಾಲ್ ಆಗುತ್ತೆ, ಅದರ ಖಾರ ಇನ್ನೂ ಜಾಸ್ತಿ, ಹಸಿಶುಂಠಿಯನ್ನು ಬೇಯಿಸಿದರೆ ಜಿಂಜರೋನ್ ಆಗಿ ಖಾರ ಇಳಿದು ಸಿಹಿ ವಾಸನೆ ಬರುತ್ತೆ, ಅಂತ ಬೋರ್ಡಿಲ್ಲದೆಯೇ ಬರೆದು ತೋರಿಸಿದರು.

"ಒಣಗಿದ ಮೇಲೆ ಖಾರ ಜಾಸ್ತಿ" ಅಂದರು ಪಂಪಣ್ಣ, ಮಾಸ್ತರನ್ನು ಮೇಲಿಂದ ಕೆಳಗೆ ನೋಡುತ್ತಾ. "ನಂಬುತ್ತೀನಿ. ಕಣ್ಣೆದುರಿಗೇ ಸಾಕ್ಷಿ ಇದೆ."

"ನಗಬೇಡಿ. ಶುಂಠಿಗೆ ಗುಣ ಇಲ್ಲ ಅಂತ ನಾನು ಹೇಳಲ್ಲ. ವಾಕರಿಕೆಗೆ ಒಳ್ಳೇದು. ಬಸುರಿಯರ ವಾಕರಿಕೆ ಸ್ವಲ್ಪ ಕಮ್ಮಿ ಆಗುತ್ತೆ ಅಂತ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅದೂ ದಿನಕ್ಕೆ ಒಂದು ಗ್ರಾಂ ಆಸುಪಾಸು ಒಣಪುಡಿ. ನಿನ್ನ ಹಾಗೆ ಬಾಟಲಿಗಟ್ಟಲೆ ಅಲ್ಲ. ಮಂಡಿನೋವು ಕೆಲವರಿಗೆ ಅಷ್ಟಿಷ್ಟು ಇಳಿದಿದೆ. ಶುಗರ್‌ಗೆ ಸಣ್ಣಪುಟ್ಟ ಪ್ರಯೋಗ ಆಗಿವೆ, ಆದರೆ ಗುಳಿಗೆ ಬಿಟ್ಟು ರಸ ಕುಡಿಯೋ ಧೈರ್ಯ ಯಾವುದೂ ಕೊಟ್ಟಿಲ್ಲ. ಜಾಸ್ತಿ ಆದರೆ ಎದೆ ಉರಿ ಗ್ಯಾರಂಟಿ."

ವೀರೇಶ ಎದೆ ನೀವಿಕೊಳ್ಳುತ್ತಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

ಇಷ್ಟು ಹೊತ್ತು ಸುಮ್ನೆ ಇದ್ದ ಖಾಜಾ ಭಾಯ್ ಈಗ ಬಾಯಿ ತೆರೆದರು. "ಬಂದರ್ ಕ್ಯಾ ಜಾನೇ ಅದ್ರಕ್ ಕಾ ಸ್ವಾದ್, ಮಂಗನಿಗೇನು ಗೊತ್ತು ಶುಂಠಿ ರುಚಿ" ಅಂದು, ಯಾರಿಗೆ ಹೇಳಿದ್ದು ಅಂತ ತಿಳಿಸದೆ ಮುಂದಿನ ಪಾತ್ರೆ ಒಲೆ ಮೇಲಿಟ್ಟರು. ಹೆಬ್ಬೆರಳಷ್ಟು ಶುಂಠಿ ತೊಳೆದರು. ಸಿಪ್ಪೆ ತೆಗೆಯಲಿಲ್ಲ. ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಎರಡೇ ಏಟು. ನಾರು ಬಿಚ್ಚಿಕೊಂಡು ರಸ ಕಲ್ಲಿಗೆ ಹರಿಯುವ ಮೊದಲೇ ಬಾಚಿ ನೀರಿಗೆ ಹಾಕಿದರು. ನೀರು ಚೆನ್ನಾಗಿ ಕುದಿದು, ಬಣ್ಣ ತಿರುಗಿ, ವಾಸನೆ ರಸ್ತೆಗೆ ಹೋಗಿ ಇಬ್ಬರು ಗಿರಾಕಿಗಳನ್ನು ಕರೆದುಕೊಂಡು ಬಂದ ಮೇಲೆ ಚಹಾಪುಡಿ, ಆಮೇಲೆ ಸಕ್ಕರೆ. ಹಾಲು ಕೊನೆಗೆ.

"ಹಾಲಿಗೇ ಹಸಿಶುಂಠಿ ಹಾಕಿದರೆ ಹಾಲು ಒಡೆಯುತ್ತೆ ಸಾಬ್. ಹೊಸ ಹುಡುಗ ಬಂದಾಗಲೆಲ್ಲ ನನಗೆ ಒಂದು ಲೀಟರ್ ಲಾಸು."

"ಅದರಲ್ಲಿ ಜಿಂಜಿಬೈನ್ ಅನ್ನೋ ಕಿಣ್ವ ಇದೆ" ಅಂದರು ಮಾಸ್ತರ್. "ಪ್ರೋಟೀನ್ ಕತ್ತರಿಸುತ್ತೆ. ಕುದಿಸಿದರೆ ಅದರ ಆಟ ಮುಗೀತು."

"ಮಟನ್‌ಗೆ ಹಚ್ಚಿಟ್ಟರೆ ಮೆತ್ತಗಾಗೋದೂ ಅದಕ್ಕೇನಾ?"

"ಅದಕ್ಕೇ."

"ಇಷ್ಟು ವರ್ಷ ಅದರ ಹೆಸರೇ ಕೇಳದೆ ಕೆಲಸ ಮಾಡಿಸಿಕೊಂಡೆ" ಅಂದರು ಖಾಜಾ ಭಾಯ್.

"ನೋಡಿದ್ಯಾ ವೀರೇಶ, ಮೂಲ ಹುದ್ದೆಯಲ್ಲಿ ಎಷ್ಟು ಚೊಕ್ಕ ಕೆಲಸ!" ಅಂದರು ಪಂಪಣ್ಣ. "ಚಹಾಕ್ಕೆ ಬಾ ಅಂದರೆ ಬರುತ್ತೆ. ಮಟನ್ ಮೆತ್ತಗೆ ಮಾಡು ಅಂದರೆ ಮಾಡುತ್ತೆ. ರಾಮನವಮಿ ಪಾನಕಕ್ಕೆ ಬೆಲ್ಲ, ಏಲಕ್ಕಿ ಜೊತೆ ಒಣಶುಂಠಿಯಾಗಿ ಹಾಜರ್. ಮಜ್ಜಿಗೆಗೆ ಹಾಜರ್. ಒಂದು ದಿನ ರಜೆ ಹಾಕಿದ್ದು ಕಂಡಿಲ್ಲ. ಅಂಥ ನೌಕರನನ್ನ ಎಳೆದುಕೊಂಡು ಹೋಗಿ ಕಿಡ್ನಿ ಸೆಕ್ಷನ್ನಿನಲ್ಲಿ ಕೂರಿಸಿದ್ದೀರಲ್ಲ. ಅಲ್ಲಿ ಅದಕ್ಕೆ ಕುರ್ಚಿನೂ ಇಲ್ಲ, ಫೈಲ್ ಎಲ್ಲಿದೆ ಅಂತಾನೂ ಗೊತ್ತಿಲ್ಲ."

"ಹಾಗಾದರೆ ಈ ಇನ್‌ಚಾರ್ಜ್ ಆದೇಶ ಹೊರಡಿಸಿದ್ದು ಯಾರು?" ಅಂದೆ ನಾನು. ನನಗೂ ಒಂದು ಮಾತು ಬೇಕಲ್ಲ.

"2020ರಲ್ಲಿ ಬಂತಲ್ಲ, ಮರೆತಿರಾ? ಕೊರೊನಾ ಕಾಲದಲ್ಲಿ ಆಯುಷ್‌ನವರು ಕಷಾಯ ಕುಡೀರಿ ಅಂದರು. ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ದ್ರಾಕ್ಷಿ. ಅವತ್ತು ತುರ್ತು ಇತ್ತು, ಸಿಕ್ಕವರನ್ನೆಲ್ಲ ಡ್ಯೂಟಿಗೆ ಹಾಕಿದರು. ತುಳಸಿ ವಾಪಸ್ ಕಟ್ಟೆಗೆ ಹೋಯಿತು. ದ್ರಾಕ್ಷಿ ವಾಪಸ್ ಪಾಯಸಕ್ಕೆ ಹೋಯಿತು. ಶುಂಠಿಯನ್ನ ಮಾತ್ರ ಯಾರೂ ರಿಲೀವ್ ಮಾಡಲಿಲ್ಲ."

"ರೇಟೂ ಏರಿತ್ತು" ಅಂದ ಅಮರೇಶ. ಮಾತು ಎಲ್ಲಿಂದ ಹೊರಟರೂ ಅವನ ಹತ್ತಿರ ಬಂದಾಗ ಕ್ವಿಂಟಾಲಿಗೆ ಇಳಿಯುತ್ತದೆ. "2023ರಲ್ಲಿ ನೋಡಿದ್ರಲ್ಲ, ಅಂಗಡಿಯಲ್ಲಿ ಕಿಲೋಗೆ 300 ದಾಟಿತ್ತು. ಮೈಸೂರಿನ ಕಡೆ ಹೊಲದಿಂದಲೇ ಕಿತ್ತುಕೊಂಡು ಹೋಗ್ತಾರೆ ಅಂತ ರಾತ್ರಿ ಕಾವಲು ಕೂತರು. ಅದನ್ನ ನೋಡಿ ಮುಂದಿನ ವರ್ಷ ಎಲ್ಲರೂ ಹಾಕಿದರು. ರೇಟು ಬಿತ್ತು. ಮೇಲೆ ಕೊಳೆರೋಗ. ಒಮ್ಮೆ ಕೊಳೆ ಬಂದ ನೆಲದಲ್ಲಿ ಮರುವರ್ಷ ಹಾಕೋಕಾಗಲ್ಲ, ಬೇರೆ ಹೊಲ ಗುತ್ತಿಗೆ ಹಿಡೀಬೇಕು. ಊರಿನ ಕಿಡ್ನಿಯನ್ನೆಲ್ಲ ಕಾಯೋ ಶುಂಠಿಗೆ ತನ್ನ ಬುಡ ಕಾಯ್ದುಕೊಳ್ಳೋಕೆ ಬರಲ್ಲ."

ಇದು ಪಂಪಣ್ಣ ಹೇಳಬೇಕಾದ ಮಾತಾಗಿತ್ತು. ಅವರು ಸ್ವಲ್ಪ ಹೊತ್ತು ಅಮರೇಶನನ್ನು ಅನುಮಾನದಿಂದ ನೋಡಿದರು.

"ನಿಮಗೆಲ್ಲ ನಗು" ಅಂದ ವೀರೇಶ. ಧ್ವನಿ ಸ್ವಲ್ಪ ಇಳಿದಿತ್ತು. "ಡಾಕ್ಟರ್ ಹತ್ತಿರ ಹೋಗಿ ಅಂತೀರಿ. ಯಾವ ಡಾಕ್ಟರ್? ದೊಡ್ಡ ಕಾಯಿಲೆ ಅಂದ ಕೂಡಲೇ ಹೈದರಾಬಾದ್ ಬಸ್ಸು ಹತ್ತಬೇಕು. ಏಮ್ಸ್ ಬೇಕು ಅಂತ ನಮ್ಮೂರಲ್ಲಿ 2022ರ ಮೇ ತಿಂಗಳಲ್ಲಿ ಧರಣಿ ಕೂತರು. ಸಾವಿರ ದಿನ ದಾಟಿತು."

"ಏಮ್ಸ್ ಕೇಳಿದೆವು, ಶುಂಠಿ ಬಂತು" ಅಂದರು ಪಂಪಣ್ಣ.

ಯಾರೂ ನಗಲಿಲ್ಲ. ಅವರೂ ನಗಿಸಲಿಕ್ಕೆ ಹೇಳಿದ ಹಾಗಿರಲಿಲ್ಲ.

"ಕಾಯಂ ನೇಮಕ ಆಗದ ಕಡೆಯೇ ಇನ್‌ಚಾರ್ಜ್ ಇರೋದು" ಅಂತ ಅವರೇ ಮುಂದುವರಿಸಿದರು. "ಅದು ಶುಂಠಿ ತಪ್ಪಲ್ಲ. ನಮ್ಮವ್ವ ಡಬ್ಬಿಯಲ್ಲಿ ಶುಂಠಿ ಇಲ್ಲದೆ ಮಲಗಿದವಳಲ್ಲ. ತಲೆನೋವು ಅಂದರೆ ಒಣಶುಂಠಿ ತೇದು ಹಣೆಗೆ ಪಟ್ಟು. ಬಾಣಂತಿಗೆ ಶುಂಠಿ-ಬೆಲ್ಲ. ಹೊಟ್ಟೆ ಉಬ್ಬರ ಅಂದರೆ 'ಒಂದು ಚೂರು ಹಸಿಶುಂಠಿ, ಎರಡು ಹರಳು ಉಪ್ಪು, ಅಗಿದು ನುಂಗು' ಅಂತಿದ್ದಳು. ಅಷ್ಟೇ ಅವಳ ಶುಂಠಿಯ ಸರಹದ್ದು. ಮೂರನೇ ದಿನಕ್ಕೂ ಜ್ವರ ಇಳಿಯಲಿಲ್ಲ ಅಂದರೆ ಗಾಡಿ ಕಟ್ಟು ಅಂತ ಅಪ್ಪನಿಗೆ ಹೇಳುತ್ತಿದ್ದವಳೂ ಅವಳೇ. ಓದು ಬರಹ ಇರಲಿಲ್ಲ. ಯಾವುದು ಡಬ್ಬಿಯದು, ಯಾವುದು ದವಾಖಾನೆಯದು ಅಂತ ಮಾತ್ರ ಗೊತ್ತಿತ್ತು. ಗಾಡಿ ಕಟ್ಟೋಕೆ ಅಪ್ಪ ತಡ ಮಾಡಿದ್ದೂ ಒಮ್ಮೆ ಇದೆ. ಇರಲಿ ಬಿಡು."

ಪಂಪಣ್ಣ 'ಇರಲಿ ಬಿಡು' ಅಂದರೆ ಆ ಫೈಲ್ ಮತ್ತೆ ತೆರೆಯುವುದಿಲ್ಲ ಅಂತ ನಮಗೆಲ್ಲ ಗೊತ್ತು. ಖಾಜಾ ಭಾಯ್ ಚಹಾ ಕೊಟ್ಟರು. ಅಮರೇಶ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದ.

"ಮಾಸ್ತರ್" ಅಂದ ವೀರೇಶ, "ರಕ್ತ ತೆಳು ಆಗೋ ಗುಳಿಗೆ ತಗೊಳ್ಳೋರು ಈ ರಸ ಕುಡೀಬಹುದಾ?"

"ಯಾರು?"

"ಅಮ್ಮ. ಹೋದ ವರ್ಷ ಹಾರ್ಟಿನದು ಆಯ್ತಲ್ಲ. ಗುಳಿಗೆ ನಡೀತಾ ಇದೆ. ಈ ಬಾಟಲಿ ಅವಳಿಗೂ ಕೊಡ್ತಾ ಇದ್ದೀನಿ."

ಮಾಸ್ತರ್ ಲೋಟ ಕೆಳಗಿಟ್ಟರು. "ಚಹಾದಲ್ಲಿ, ಸಾರಿನಲ್ಲಿ ಹಾಕೋ ಶುಂಠಿ ಬೇರೆ. ಇಷ್ಟು ರಸ ದಿನಾ ಕೊಟ್ಟರೆ ರಕ್ತ ಹೆಪ್ಪುಗಟ್ಟೋದು ಇನ್ನೂ ತಡ ಆಗಬಹುದು. ಗುಳಿಗೆ ಮಾತ್ರ ಬಿಡಿಸಬೇಡ. ರಸ ಇವತ್ತೇ ನಿಲ್ಲಿಸು. ಡಾಕ್ಟರ್‌ಗೆ ಹೇಳು."

"ಅವರು ಹೈದರಾಬಾದಿನಿಂದ ಮಂಗಳವಾರ ಬರ್ತಾರೆ."

"ಮಂಗಳವಾರದವರೆಗೆ ಯಾಕೆ? ಚೀಟಿಯಲ್ಲಿ ನಂಬರ್ ಇರುತ್ತೆ, ಈಗಲೇ ಫೋನ್ ಹಚ್ಚು" ಅಂದ ಅಮರೇಶ. "ಮಂಗಳವಾರ ನನ್ನ ಕಾರು ಖಾಲಿ ಇದೆ. ಅವ್ವನ್ನ ಕರ್ಕೊಂಡು ಹೋಗೋಣ."

ವೀರೇಶ ರಸ್ತೆಗಿಳಿದು ಫೋನ್ ಮಾಡಿದ. ಅಲ್ಲೇ ಆಚೀಚೆ ಓಡಾಡಿದ. ಬಂದು ಕೂತಾಗ ಮುಖ ಸ್ವಲ್ಪ ಸಡಿಲವಾಗಿತ್ತು. ರಸ ಬಂದ್, ಗುಳಿಗೆ ಚಾಲೂ, ಮಂಗಳವಾರ ರಕ್ತ ಪರೀಕ್ಷೆ.

"ಇನ್ನು ರಿಲೀವಿಂಗ್ ಆರ್ಡರ್ ಬರಿ" ಅಂದರು ಪಂಪಣ್ಣ. "ನಿನ್ನ ಗುಂಪಿಗೆ ನೀನೇ ಅಡ್ಮಿನ್ ಅಲ್ವಾ? ನಾನು ಹೇಳ್ತೀನಿ, ನೀನು ಟೈಪ್ ಮಾಡು. ಈ ಮೂಲಕ ಎಲ್ಲರಿಗೂ ತಿಳಿಸುವುದೇನೆಂದರೆ, ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರು ಶುಂಠಿ ರಸ ಕುಡಿಯುವ ಮೊದಲು ಕಡ್ಡಾಯವಾಗಿ ವೈದ್ಯರನ್ನು ಕೇಳತಕ್ಕದ್ದು."

ವೀರೇಶ ಟೈಪ್ ಮಾಡಿದ. ಅಭ್ಯಾಸ ಬಲದಿಂದ ಮೇಲೊಂದು ಸೂರ್ಯ, ಕೆಳಗೊಂದು ಗುಲಾಬಿ ಹಾಕಿ ಕಳಿಸಿದ.

ಅಮರೇಶ ಮಿರ್ಚಿ ಮುಗಿಸುವಷ್ಟರಲ್ಲಿ ಕೈ ಮುಗಿದ ಚಿತ್ರಗಳ ಸಾಲೇ ಬಂದಿತ್ತು. ಒಬ್ಬರು ಉಪಯುಕ್ತ ಮಾಹಿತಿ ಅಂದಿದ್ದರು. ಇನ್ನೊಬ್ಬರು ಅದನ್ನೇ ತಮ್ಮ ಹೆಸರು ಹಾಕಿ ಅದೇ ಗುಂಪಿಗೆ ವಾಪಸ್ ಕಳಿಸಿದ್ದರು. ಮೂರನೆಯವರು ಸಿಂಧನೂರಿನ ಕಡೆಯವರಂತೆ, ತುಂಬಾ ಶ್ರದ್ಧೆಯಿಂದ ಒಂದು ಪ್ರಶ್ನೆ ಹಾಕಿದ್ದರು: "ಸರ್, ವೈದ್ಯರನ್ನು ಖಾಲಿ ಹೊಟ್ಟೆಯಲ್ಲಿ ಕೇಳಬೇಕಾ, ಊಟ ಆದ ಮೇಲೆ ಕೇಳಬೇಕಾ?"