ಕತ್ತರಿಸಿದ ಜಾಗದಲ್ಲಿ ‘ಟಕ್’ ಅನ್ನುತ್ತೆ: ಆಡಿಯೊ ಎಡಿಟಿಂಗ್ ಅನುಭವ ಹೇಳ್ತೀರಾ?

ಕೇಳಿದವರು: ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದೇನೆ. ಬಳಸುವುದು ಆಡಾಸಿಟಿ ಅನ್ನುವ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್. ತಡವರಿಸಿದ್ದನ್ನು ಕತ್ತರಿಸಿದರೆ ಕೂಡಿಸಿದ ಜಾಗದಲ್ಲಿ ‘ಟಕ್’ ಅನ್ನುತ್ತದೆ. ಟಕ್ ಇಲ್ಲದ ಕಡೆಯೂ ಇಲ್ಲೇನೋ ಕತ್ತರಿಸಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಹಿಂದಿನ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಹಾಕಿದರೆ ದನಿ ಮಡಕೆಯೊಳಗಿಂದ ಬಂದ ಹಾಗೆ. ಒಂದು ಕಥೆ ಜೋರು, ಇನ್ನೊಂದು ಮೆಲ್ಲಗೆ. ಯಾವುದು ಮೊದಲು, ಯಾವುದು ಆಮೇಲೆ? ಮಾಡಿ ನೋಡಿದವರು ಹೇಳಿ.

ಕತ್ತರಿ ಕೈ: ಮೊದಲು ಟಕ್ ವಿಷಯ. ಅಲೆಯ ಗೆರೆ ಮೇಲಿದ್ದಾಗ ಕತ್ತರಿಸಿ, ಕೆಳಗಿರುವ ಗೆರೆಗೆ ಕೂಡಿಸಿದರೆ ಸ್ಪೀಕರ್ ಒಮ್ಮೆಲೇ ಜಿಗಿಯಬೇಕಾಗುತ್ತದೆ. ಆ ಜಿಗಿತವೇ ಟಕ್. ಬೇಡದ ಭಾಗ ಸೆಲೆಕ್ಟ್ ಮಾಡಿ ಝಡ್ ಕೀ ಒತ್ತಿ. ಎರಡೂ ತುದಿ, ಅಲೆ ನಡುವಿನ ಸೊನ್ನೆ ಗೆರೆ ದಾಟುವ ಹತ್ತಿರದ ಜಾಗಕ್ಕೆ ಸರಿಯುತ್ತವೆ. ಆಮೇಲೆ ಡಿಲೀಟ್. ಸ್ಟೀರಿಯೊದಲ್ಲಿ ಇದನ್ನು ಪೂರ್ತಿ ನಂಬಬೇಡಿ, ಎಡ ಬಲ ಎರಡೂ ಒಂದೇ ಕ್ಷಣಕ್ಕೆ ಸೊನ್ನೆ ಮುಟ್ಟುವುದು ಅಪರೂಪ. ಒಬ್ಬರೇ ಓದುವುದಕ್ಕೆ ಸ್ಟೀರಿಯೊ ಬೇಕೂ ಇಲ್ಲ ಬಿಡಿ, ಒಂದೇ ಚಾನೆಲ್‌ನ ಮೊನೊ ಸಾಕು. ನಾನು ಈಗ ಬಳಸುವುದು ರೀಪರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್. ಅದರಲ್ಲಿ ಎಸ್ ಒತ್ತಿದರೆ ಕ್ಲಿಪ್ ಎರಡಾಗುತ್ತದೆ, ಒಂದರ ಮೇಲೊಂದು ಚೂರು ಎಳೆದರೆ ಒಂದು ಸದ್ದು ಇಳಿಯುತ್ತ ಇನ್ನೊಂದು ಏರುವ ಕ್ರಾಸ್‌ಫೇಡ್ ತಾನಾಗಿ ಬೀಳುತ್ತದೆ. ಮಾತಿಗೆ 5ರಿಂದ 10 ಮಿಲಿಸೆಕೆಂಡ್ ಸಾಕು.

ಓದುವ ದನಿ: ಎಲ್ಲಿ ಕತ್ತರಿಸುತ್ತೀರಿ ಅನ್ನೋದು ಇನ್ನೂ ಮುಖ್ಯ. ಪದದ ನಡುವೆಯೇ ಕತ್ತರಿ ಹಾಕಬೇಕಾಗಿ ಬಂದಾಗ ನಾನು ಅಕ್ಷರ ನೋಡುತ್ತೇನೆ. ಕ, ಚ, ಟ, ತ, ಪ ಹೇಳುವ ಮುಂಚೆ ಬಾಯಿ ಒಂದು ಕ್ಷಣ ಮುಚ್ಚುತ್ತದೆ, ಗಾಳಿ ನಿಲ್ಲುತ್ತದೆ. ಸ್ಕ್ರೀನಿನಲ್ಲಿ ಅದು ಸಣ್ಣ ಖಾಲಿ ಜಾಗವಾಗಿ ಕಾಣುತ್ತದೆ. ಅಲ್ಲಿ ಕತ್ತರಿಸಿದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಒತ್ತಕ್ಷರ ಇದ್ದರೆ ಇನ್ನೂ ಅನುಕೂಲ. ‘ಹತ್ತು’, ‘ಅಪ್ಪ’, ‘ಬೆಟ್ಟ’ ಇಂಥ ಪದಗಳಲ್ಲಿ ಆ ಖಾಲಿ ಜಾಗ ಉದ್ದ. ‘ಬೆಟ್ಟ’ದ ಮೊದಲರ್ಧ ಒಂದು ಟೇಕಿನಿಂದ, ಉಳಿದರ್ಧ ಇನ್ನೊಂದರಿಂದ ತಂದು ಕೂಡಿಸಬಹುದು. ಸ, ಶ ಕೂಡ ಪರವಾಗಿಲ್ಲ, ಅವುಗಳ ಗಾಳಿಸದ್ದು ಕೂಡಿಸಿದ್ದನ್ನು ಮುಚ್ಚಿಕೊಳ್ಳುತ್ತದೆ. ಕಷ್ಟ ಇರೋದು ಮ, ನ, ಲ, ಯ ಮತ್ತು ಸ್ವರಗಳಲ್ಲಿ. ದನಿ ನಿಲ್ಲದೆ ಹರಿಯುತ್ತಿರುತ್ತದೆ. ‘ಮನೆಯಲ್ಲಿ’ ಅನ್ನುವಲ್ಲಿ ನಡುವೆ ಕೈ ಹಾಕಲೇಬೇಡಿ, ಇಡೀ ವಾಕ್ಯ ಮತ್ತೆ ಓದಿ.

ಓದುವಾಗಲೂ ಹಿಂದಿನ ವಾಕ್ಯದಿಂದ ಶುರುಮಾಡಿ. ತಪ್ಪಿದ ಪದ ಒಂದನ್ನೇ ಓದಿದರೆ ಏರಿಳಿತ ಕೂಡುವುದಿಲ್ಲ.

ಉಸಿರನ್ನೆಲ್ಲ ಅಳಿಸಬೇಡಿ. ಉಸಿರೇ ಇಲ್ಲದ ಓದು ಕೇಳುವವರಿಗೇ ಉಸಿರು ಕಟ್ಟಿಸುತ್ತದೆ. ಜಾಸ್ತಿ ಕೇಳಿಸಿದರೆ 6ರಿಂದ 10 ಡೆಸಿಬಲ್ ಇಳಿಸಿ. ಕತ್ತರಿಸುವುದಾದರೆ ಉಸಿರಿನ ಮುಂಚೆ ಕತ್ತರಿಸಿ, ಅದು ಮುಂದಿನ ವಾಕ್ಯದ ಜೊತೆಗೇ ಹೋಗಲಿ.

ಹೆಡ್‌ಫೋನ್: ಟಕ್ ಇಲ್ಲದಿದ್ದರೂ ಕತ್ತರಿಸಿದ್ದು ಯಾಕೆ ಗೊತ್ತಾಗುತ್ತದೆ ಅಂದ್ರಿ ಅಲ್ವಾ? ಅದನ್ನು ಬಿಟ್ಟುಕೊಡುವುದು ಹಿಂದಿನ ಸದ್ದು. ಎಷ್ಟೇ ಮೌನವಾದ ಕೋಣೆಗೂ ಒಂದು ಗುಂಯ್ ಇರುತ್ತದೆ. ಮಾತಿನ ನಡುವೆ ಕಂಟ್ರೋಲ್ ಎಲ್ ಒತ್ತಿ ಸೈಲೆನ್ಸ್ ಮಾಡಿದರೆ ಆ ಗುಂಯ್ ಕೂಡ ಸತ್ತುಹೋಗುತ್ತದೆ. ಹೆಡ್‌ಫೋನ್ ಹಾಕಿದವರಿಗೆ ಆ ಗುಂಡಿ ಥಟ್ಟನೆ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಸಲ ಓದುವ ಮುಂಚೆ ಅರ್ಧ ನಿಮಿಷ ಸುಮ್ನೆ ಕೂತು, ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿಡಿ. ಕೆಮ್ಮು, ಕುರ್ಚಿಯ ಕಿರ್ ತೆಗೆದ ಜಾಗಕ್ಕೆ ಅದರ ತುಂಡು ಹಾಕಿ. ಬೇರೆ ದಿನದ್ದು ಕೂಡುವುದಿಲ್ಲ, ಅವತ್ತಿನದೇ ಬೇಕು. ನಾಯ್ಸ್ ರಿಡಕ್ಷನ್ ಕೇಳುವ ಸ್ಯಾಂಪಲ್‌ಗೂ ಇದೇ ಆಗುತ್ತದೆ.

ಕತ್ತರಿ ಕೈ: ನಾಯ್ಸ್ ರಿಡಕ್ಷನ್ ಬೇಡ ಅನ್ನುವವನು ನಾನು. ಮೈಕನ್ನು ಬಾಯಿಗೆ ಇನ್ನೊಂದು ಗೇಣು ಹತ್ತಿರ ತಂದರೆ ಅರ್ಧ ಕೆಲಸ ಮುಗಿಯಿತು.

ಹೆಡ್‌ಫೋನ್: ರೆಕಾರ್ಡ್ ಆಗಿಹೋದದ್ದಕ್ಕೆ ಏನು ಮಾಡ್ತೀರಿ? ಫ್ಯಾನಿನಂಥ ಒಂದೇ ಸಮನೆ ಬರುವ ಸದ್ದಿಗೆ ಅದು ಒಳ್ಳೆಯದೇ. ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು ಅದರಿಂದ ಹೋಗುವುದಿಲ್ಲ. ಅಳತೆ ಮೀರಿದಾಗಲೇ ಮಡಕೆ ದನಿ ಬರುವುದು. 6 ಡೆಸಿಬಲ್‌ನಿಂದ ಶುರುಮಾಡಿ. ನಾಯ್ಸ್ ರಿಡಕ್ಷನ್‌ನ ಅದೇ ಕಿಟಕಿಯಲ್ಲಿ ‘ರೆಸಿಡ್ಯೂ’ ಅಂತ ಇದೆ. ಅದನ್ನು ಆರಿಸಿ ಪ್ರಿವ್ಯೂ ಕೊಟ್ಟರೆ ತೆಗೆದುಹಾಕುವ ಸದ್ದು ಮಾತ್ರ ಕೇಳಿಸುತ್ತದೆ. ಅದರಲ್ಲಿ ನಿಮ್ಮ ಮಾತು ಸಿಕ್ಕರೆ ಇಳಿಸಿ.

ಕೇಳಿದವರು: ರೆಸಿಡ್ಯೂ ನೋಡಿದೆ. 12ರಲ್ಲಿ ಸ, ಶ ಎಲ್ಲ ಅದರೊಳಗೇ ಕೇಳಿಸಿತು! 6ಕ್ಕೆ ಇಳಿಸಿದೆ, ಈಗ ಪರವಾಗಿಲ್ಲ. ಜೋರು ಮೆಲ್ಲಗೆ ವಿಷಯ? ನಾರ್ಮಲೈಸ್ ಮಾಡಿದರೂ ಸಮ ಆಗುತ್ತಿಲ್ಲ.

ಮಿಕ್ಸರ್ ಮುಂದೆ: ಆಗುವುದಿಲ್ಲ. ನಾರ್ಮಲೈಸ್ ನೋಡುವುದು ಅಲೆಯ ಅತಿ ಎತ್ತರದ ಒಂದು ಮೊನೆಯನ್ನು ಮಾತ್ರ. ಕಥೆಯಲ್ಲಿ ಒಂದೇ ಒಂದು ಸಲ ಕೂಗಿದ್ದರೆ ಅದಕ್ಕೆ ಲೆಕ್ಕ ಹಾಕಿ ಉಳಿದದ್ದನ್ನೆಲ್ಲ ಕೆಳಗೇ ಬಿಡುತ್ತದೆ. ನಿಮಗೆ ಬೇಕಾದದ್ದು ‘ಲೌಡ್‌ನೆಸ್ ನಾರ್ಮಲೈಸೇಷನ್’. ಅದು ಕಿವಿಗೆ ಎಷ್ಟು ಜೋರು ಅನ್ನುವುದನ್ನು ಎಲ್‌ಯುಎಫ್‌ಎಸ್ ಅಳತೆಯಲ್ಲಿ ನೋಡುತ್ತದೆ. ಪಾಡ್‌ಕಾಸ್ಟ್ ಮಾಡುವವರು ಸಾಮಾನ್ಯವಾಗಿ ಸ್ಟೀರಿಯೊಗೆ -16, ಮೊನೊಗೆ -19 ಇಡುತ್ತಾರೆ. ಮೊನೊವನ್ನು ಡ್ಯುಯಲ್ ಮೊನೊ, ಅಂದರೆ ಎಡ ಬಲ ಎರಡರಲ್ಲೂ ಬರುವ ಒಂದೇ ಸದ್ದು, ಅಂತ ಎಣಿಸುವ ಟಿಕ್ ಅಲ್ಲೇ ಇದೆ. ಅದು ಇದ್ದರೆ ಮೊನೊಗೂ -16 ಕೊಡಿ, ಆ 3ರ ವ್ಯತ್ಯಾಸ ಅದೇ ನೋಡಿಕೊಳ್ಳುತ್ತದೆ.

ಕೆಲಸದ ಸರದಿ ಹೀಗೆ. ಮೊದಲು ಕತ್ತರಿಸಿ ಕೂಡಿಸುವುದು. ಆಮೇಲೆ ನಾಯ್ಸ್ ರಿಡಕ್ಷನ್, ಬೇಕಿದ್ದರೆ ಮಾತ್ರ. ಆಮೇಲೆ 80 ಹರ್ಟ್ಸ್‌ನಲ್ಲಿ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನ ಸದ್ದು ತಗ್ಗಿಸುವ ಫಿಲ್ಟರ್. ಮೇಜು ತಾಗಿದ ಧಡ್ ಅನ್ನೋದೆಲ್ಲ ಅಲ್ಲೇ ಕೆಳಗೆ ಇರುತ್ತದೆ. ಅದನ್ನು ಬಿಟ್ಟರೆ ಕಂಪ್ರೆಸರ್ ಮಾತಿನ ಬದಲು ಆ ಧಡ್‌ಗೇ ಎಗರಾಡುತ್ತದೆ. ಆಮೇಲೆ ಕಂಪ್ರೆಸರ್, 2:1 ಅಥವಾ 3:1 (ಮಿತಿ ಮೀರಿದ ಜೋರು ಅರ್ಧಕ್ಕೆ ಅಥವಾ ಮೂರನೇ ಒಂದಕ್ಕೆ ಇಳಿಯುತ್ತದೆ). ಇದು ಜೋರಿನದನ್ನು ತಗ್ಗಿಸುತ್ತದೆ, ನಂತರ ಒಟ್ಟಾರೆ ಏರಿಸಿದಾಗ ಹಿಂದಿನ ಗುಂಯ್ ಕೂಡ ಜೊತೆಗೇ ಏರುತ್ತದೆ. ನಾಯ್ಸ್ ಕೆಲಸ ಮೊದಲೇ ಮುಗಿಸಬೇಕು ಅನ್ನೋದು ಅದಕ್ಕೇ. ಕೊನೆಗೆ ಲೌಡ್‌ನೆಸ್, ಅದರ ಮೇಲೆ -1 ಡೆಸಿಬಲ್ ದಾಟದಂತೆ ತಡೆಯುವ ಒಂದು ಲಿಮಿಟರ್.

ರೆಕಾರ್ಡ್ ಮಾಡುವಾಗ ಮೊನೆಗಳು -12 ಡೆಸಿಬಲ್‌ನ ಆಸುಪಾಸು ಇರಲಿ. ಮೆಲ್ಲಗಿದ್ದದ್ದನ್ನು ಏರಿಸಬಹುದು. ಮೀಟರಿನ ಗರಿಷ್ಠವಾದ 0 ದಾಟಿ ತಲೆ ಚಪ್ಪಟೆಯಾದ ಅಲೆಯನ್ನು ಸರಿಮಾಡುವುದು ಬಲು ಕಷ್ಟ.

ಓದುವ ದನಿ: ಯಾವ ಆವೃತ್ತಿ ಇದೆ ನೋಡಿಕೊಳ್ಳಿ. 2021ರಲ್ಲಿ ಬಂದ ಆಡಾಸಿಟಿ 3.1ರಿಂದ ಕ್ಲಿಪ್‌ನ ತುದಿ ಹಿಡಿದು ಒಳಗೆಳೆದು ಟ್ರಿಮ್ ಮಾಡಬಹುದು. ಮರೆಯಾದ ಭಾಗ ಅಳಿಯುವುದಿಲ್ಲ, ಹೊರಗೆಳೆದರೆ ವಾಪಸ್. 2022ರ 3.2ರಿಂದ ಕೆಲವು ಎಫೆಕ್ಟ್‌ಗಳನ್ನೂ ಕೇಳುತ್ತಲೇ ಬದಲಿಸಬಹುದು. ಹಳೆಯದರಲ್ಲಿ ಎಫೆಕ್ಟ್ ಹಾಕಿದರೆ ಹಾಕಿದ ಹಾಗೇ. ಅನ್‌ಡೂ ಇದೆ ಅಂತ ನಂಬಿ ಕೂರಬೇಡಿ, ಪ್ರಾಜೆಕ್ಟ್ ಮುಚ್ಚಿದರೆ ಆ ಪಟ್ಟಿಯೂ ಹೋಗುತ್ತದೆ.

ಕೇಳಿದವರು: ನನ್ನದು 3.4. ಹಳೆಯ ಕಥೆಗಳು ಎಂಪಿ3ಯಲ್ಲಿ ಮಾತ್ರ ಇವೆ. ಅವನ್ನು ಮತ್ತೆ ಎಡಿಟ್ ಮಾಡಬಹುದಾ?

ಮಿಕ್ಸರ್ ಮುಂದೆ: ಮಾಡಬಹುದು. ಆದರೆ ಎಂಪಿ3 ತೆರೆದು ಮತ್ತೆ ಎಂಪಿ3 ಮಾಡಿದ ಪ್ರತಿ ಸಲವೂ ಗುಣ ಸ್ವಲ್ಪ ಇಳಿಯುತ್ತದೆ. ಒಮ್ಮೆ ತೆರೆದ ಮೇಲೆ ಪ್ರಾಜೆಕ್ಟ್ ಆಗಿ ಸೇವ್ ಮಾಡಿ, ಜೊತೆಗೊಂದು ಗುಣ ಇಳಿಯದ ವೇವ್ ಫೈಲ್ ಇಟ್ಟುಕೊಳ್ಳಿ. ತಿದ್ದುವುದೆಲ್ಲ ಅದರಲ್ಲೇ ನಡೆಯಲಿ. ಎಂಪಿ3 ಮಾಡುವುದು ಹಂಚುವಾಗ ಒಂದೇ ಸಲ. ಹೊಸ ಕಥೆಗಳಿಗೂ ಹೀಗೇ ಮಾಡಿ, ಕತ್ತರಿಸುವ ಮುಂಚಿನ ಮೂಲ ರೆಕಾರ್ಡಿಂಗನ್ನು ಬೇರೆ ಫೋಲ್ಡರ್‌ನಲ್ಲಿಡಿ.