ಕಥೆ ಹೇಳುವ ಹುಡುಗ ಪುಸ್ತಕ ಕಂಡರೆ ಬೆವರುತ್ತಾನೆ

ಪ್ರಶ್ನೆ: ನಮಸ್ಕಾರ ಮೇಡಂ. ಮಗನಿಗೆ 9 ವರ್ಷ, ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ತರಗತಿ. ಅಜ್ಜಿ ಹೇಳಿದ ಕಥೆಯನ್ನು ಚಾಚೂ ತಪ್ಪದೆ ತಿರುಗಿ ಹೇಳುತ್ತಾನೆ. ಓದಲು ಕೂರಿಸಿದರೆ ಮಾತ್ರ ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾನೆ. ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ. ತಪ್ಪಿದ ಪದವನ್ನು ಐವತ್ತು ಸಲ ಬರೆಸುತ್ತೇನೆ, ಮರುದಿನ ಮತ್ತೆ ಅದೇ ತಪ್ಪು. ನಮ್ಮ ಯಜಮಾನರು ತಮಗೂ ಚಿಕ್ಕಂದಿನಲ್ಲಿ ಹೀಗೆಯೇ ಇತ್ತು ಎನ್ನುತ್ತಾರೆ. ಇದು ಡಿಸ್ಲೆಕ್ಸಿಯಾ (ಬುದ್ಧಿ ಚುರುಕಾಗಿದ್ದರೂ ಓದು-ಬರಹ ಕಷ್ಟವಾಗುವ ತೊಂದರೆ) ಇರಬಹುದೇ?

ಉತ್ತರ (ವಿಶೇಷ ಶಿಕ್ಷಕಿ): ಆ ಐವತ್ತು ಸಲ ಬರೆಸುವುದನ್ನು ಇಂದೇ ನಿಲ್ಲಿಸಿ. ಅದರಿಂದ ಕೈ ನೋಯುತ್ತದೆ, ಅಷ್ಟೆ.

ಇರಬಹುದು, ಆದರೆ ಇಲ್ಲಿ ಕುಳಿತು ನಾನು ಖಚಿತವಾಗಿ ಹೇಳಲಾರೆ. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಕನ್ನಡದಲ್ಲಿಯೇ ಓದಿಸಿ ಪರೀಕ್ಷಿಸಲು ಕೇಳಿ. ಯಜಮಾನರ ಮಾತನ್ನೂ ತಪ್ಪದೆ ತಿಳಿಸಿ, ಇದು ಮನೆತನದಲ್ಲಿ ಬರುವುದುಂಟು.

'ಕನ್ನಡ ಬರೆದಂತೆ ಓದುವ ಭಾಷೆ, ಇದರಲ್ಲೇನು ಕಷ್ಟ?' ಎನ್ನುವವರಿದ್ದಾರೆ. 'ಸೂರ್ಯ' ಎಂದು ಬರೆದು ನೋಡಿ. ರಕಾರ ಕೇಳಿಸುವುದು ಯಕಾರಕ್ಕೆ ಮೊದಲು, ಅರ್ಕಾವತ್ತು ಕುಳಿತಿರುವುದು ಯಕಾರದ ನಂತರ! ನಾವು ಗಮನಿಸದೆ ದಾಟಿಬಿಡುವ ಇಂಥ ಕಡೆ ಈ ಮಕ್ಕಳು ಎಡವುತ್ತಾರೆ. ಸದ್ಯಕ್ಕೆ ರಕಾರವನ್ನು ಮೊದಲು ಬರೆದು, ಅದರ ಕೆಳಗೆ ಯಕಾರವನ್ನು ಒತ್ತಾಗಿ ಕೊಟ್ಟು ತೋರಿಸಿ.

ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಸಾಕು. 'ಅಕ್ಕ' ಎಂದು ನಿಧಾನವಾಗಿ ಹೇಳಿಸಿ, ಅ, ಕ್, ಕ ಎಂದು ಸದ್ದು ಬಿಡಿಸಿ. ಆಮೇಲೆ ರಟ್ಟಿನ ಚೂರುಗಳ ಮೇಲೆ ಬರೆದ ಅಕ್ಷರಗಳನ್ನು ಜೋಡಿಸಲಿ. ಅದೇ ಜಾಡಿನಲ್ಲಿ ಪಕ್ಕ, ಚಿಕ್ಕ, ಬೆಕ್ಕು. ಒಂದು ಒತ್ತಕ್ಷರ ಕೈಗೆ ಹತ್ತುವವರೆಗೆ ಇನ್ನೊಂದಕ್ಕೆ ಹೋಗಬೇಡಿ. ಪರಿಸರ ಅಧ್ಯಯನದ ಪಾಠವನ್ನು, ಗಣಿತದ ವಾಕ್ಯ ಲೆಕ್ಕಗಳನ್ನು ನೀವೇ ಓದಿ ಹೇಳಿ. ಓದು ಹಿಂದುಳಿಯಿತೆಂದು ತಿಳಿವಳಿಕೆಯೂ ಹಿಂದುಳಿಯಬಾರದಲ್ಲ.

ಪ್ರಶ್ನೆ: ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ? ಅಲ್ಲಿ ಒತ್ತಕ್ಷರವೇ ಇಲ್ಲವಲ್ಲ.

ಉತ್ತರ: ಈ ಮಾತನ್ನು ನನಗೆ ಅನೇಕರು ಹೇಳುತ್ತಾರೆ. ಅಲ್ಲಿ 'ಕ್ಯಾಟ್' ಬರೆಯುವುದೂ 'ಸಿಟಿ' ಬರೆಯುವುದೂ ಒಂದೇ ಅಕ್ಷರದಿಂದ. ಒತ್ತಕ್ಷರ ತಪ್ಪಿಸಿಕೊಂಡು ಅಲ್ಲಿಗೆ ಹೋದರೆ ಹೊಸ ಭಾಷೆಯ ಹೊರೆಯೂ ಸೇರುತ್ತದೆ. ಈಗ ಬೇಡ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ, ಡಿಸ್ಲೆಕ್ಸಿಯಾ ಅದರಲ್ಲೇ ಬರುತ್ತದೆ. ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಲಿಪಿಕಾರರ ನೆರವು ಕೇಳಬಹುದು. ಶಾಲೆಯವರಲ್ಲಿ ನಾಳೆಯೇ ಕೇಳಬೇಕಾದದ್ದು ಒಂದೇ: ಸದ್ಯಕ್ಕೆ ಅವನನ್ನು ಎಲ್ಲರೆದುರು ನಿಲ್ಲಿಸಿ ಓದಿಸಬೇಡಿ ಎನ್ನಿ.